ಮೂಸಿ ನೋಡಿದ್ದು

ದೇವೀರಮ್ಮನ ಚೀಟಿ ಈ ಸಲ ನನಗೆ ಬಿತ್ತು,
ಕೂಗಿ ಕಳೆದು ಕೈಗೆ ಬಂದದ್ದು ನಲವತ್ತೊಂದು ಸಾವಿರ.
ಮನ್ವಿತನ ಕೈಲೂ ಒಂದು ಚೀಟಿ:
ನೋಟ್‌ಬುಕ್ಕಿನ ಹಾಳೆ, ನಾಲ್ಕು ಮಡಿಕೆ,
ಆರು ತಿಂಗಳಿಂದ ಗೀಚಿ ಅಳಿಸಿ ಗೀಚಿ
ಅಲ್ಲಲ್ಲಿ ತೂತು ಬಿದ್ದಿತ್ತು.

ಮಂಡ್ಯದಿಂದ ಬೆಳಗಿನ ಪ್ಯಾಸೆಂಜರಿನಲ್ಲಿ
ಕಿಟಕಿ ಕಡೆ ನಾನು. ಪಾಂಡವಪುರ ದಾಟುವ ತನಕ
ಅವನದೇ ಪಾಠ.
ಇದು ಪ್ರೊಸೆಸರ್, ಇದು ಮದರ್‌ಬೋರ್ಡ್,
ಇದಕ್ಕೆ ಅದು ಕೂರಬೇಕು, ಅದಕ್ಕೆ ಇದು ಒಗ್ಗಬೇಕು.
"ಸಂಬಂಧ ನೋಡ್ದಂಗೆ ಕಣ್ಲಾ" ಅಂದೆ.
"ಜಾತಕ ಅಲ್ಲ ಕಣವ್ವ, ಸಾಕೆಟ್ಟು" ಅಂದ.

ರ‍್ಯಾಮ್ ಎರಡು ಕಡ್ಡಿ ಯಾಕೆ, ದೊಡ್ಡದೊಂದು ಸಾಲದೆ?
ಎಂಟು ಎಂಟು ಸೇರಿದರೂ ಹದಿನಾರೇ ಅಲ್ಲವೆ?
ಅವನು ತಡಕಾಡಿ, ತಲೆ ಕೆರೆದು,
"ನೀನು ಒಲೇಲಿ ಎರಡು ಬರ್ನರ್ ಯಾಕವ್ವ ಹಚ್ತೀಯ?"
ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಗುಡುಗುವಾಗ
ನನಗೆ ಅರ್ಥವಾಗಿತ್ತು.

ಮೈಸೂರು. ಅರಸು ರಸ್ತೆಯ ಹಿಂದೊಂದು ಸಂದಿ,
ಮೆಟ್ಟಿಲು ಹತ್ತಿದರೆ ಇಮ್ತಿಯಾಜರ ಅಂಗಡಿ.
ಗಾಜಿನ ಪೆಟ್ಟಿಗೆಗಳು ಹಸಿರು ಕೆಂಪು ನೀಲಿ ಉರಿಯುತ್ತ,
ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ.
ಮಗನ ಕಣ್ಣು ಅಲ್ಲೇ ಅಂಟಿತು.
ಚೀಟಿಯ ಕೊನೆಯ ಸಾಲಲ್ಲಿ, ಪೆನ್ಸಿಲಿನಲ್ಲಿ,
ಬಣ್ಣದ ಕ್ಯಾಬಿನೆಟ್ ಎಂದು ಸಣ್ಣಗೆ ಬರೆದಿದ್ದ.

ಗ್ರಾಫಿಕ್ಸ್ ಕಾರ್ಡು ಹೊಸದಾದರೆ ನನ್ನ ಚೀಟಿ ಅಲ್ಲೇ ಮುಗಿಯಿತು.
ಹಳೆಯದೊಂದು ತಂದಿಟ್ಟರು, ಇಟ್ಟಿಗೆ ತೂಕ, ಎರಡು ಫ್ಯಾನು.
"ಒಬ್ಬರೇ ಬಳಸಿದ್ದು, ಅಮ್ಮಾ, ಮನೆಯಲ್ಲೇ ಇದ್ದದ್ದು."
ಹಳೇ ಗ್ರೈಂಡರ್ ಮಾರಿದವನೂ ಅದೇ ಮಾತು ಹೇಳಿದ್ದ.
ತಗೊಂಡು ಮೂಗಿಗೆ ಹಿಡಿದೆ.
ಅಂಗಡಿ ಹುಡುಗ ನಕ್ಕ. ಮನ್ವಿತ ನೆಲ ನೋಡಿದ.
ಹನ್ನೊಂದು ವರ್ಷ ಗುತ್ತಲಿನ ಮನೆಮನೆಗೆ
ದೋಸೆಹಿಟ್ಟು ರುಬ್ಬಿ ಕೊಟ್ಟವಳ ಮೂಗು.
ಮೋಟಾರು ಸುಡುವ ಮುಂಚೆ ಒಂದು ವಾಸನೆ ಬರುತ್ತದೆ,
ಅರಗಿನ ಹಾಗೆ, ಬಿಸಿಲಿಗಿಟ್ಟ ಪೇಂಟಿನ ಹಾಗೆ,
ಒರೆಸಿದರೂ ಹೋಗುವುದಿಲ್ಲ.
"ಇದು ಹಗಲೂ ರಾತ್ರಿ ದುಡ್ದೈತೆ ಕಣಣ್ಣ" ಅಂದೆ.
ಇಮ್ತಿಯಾಜ್ ನಗಲಿಲ್ಲ. ಕನ್ನಡಕ ಏರಿಸಿ ನನ್ನ ನೋಡಿ
ಸುಮ್ಮನೆ ಅದನ್ನು ಕೆಳಗಿಟ್ಟು
ಒಳಗಿಂದ ಇನ್ನೊಂದು ತಂದರು. ಸಾವಿರದ ಐನೂರು ಹೆಚ್ಚು.
ಅದರ ವಾಸನೆ ಬರೀ ಧೂಳು.

ಉಳಿದದ್ದು ಪವರ್ ಸಪ್ಲೈ. ಚೀಟಿಯಲ್ಲಿ
ಅದಕ್ಕೇ ಎಲ್ಲಕ್ಕಿಂತ ಕಮ್ಮಿ ಕಾಸು.
ಹೆಸರಿಲ್ಲದ ತಗಡಿನ ಡಬ್ಬ, ಎತ್ತಿದರೆ ಖಾಲಿ ಟಿಫನ್ ಬಾಕ್ಸು.
"ಇದ್ನ ಯಾರೂ ನೋಡಲ್ಲ ಕಣವ್ವ, ಒಳಗಿರ್ತದೆ."
ನಾನು ಏನೂ ಹೇಳಲಿಲ್ಲ.
ವೋಲ್ಟೇಜು ಕುಣಿದು ಗ್ರೈಂಡರಿನಿಂದ ಹೊಗೆಯೆದ್ದ ದಿನ
ಮರದ ಸೌಟಿನಲ್ಲಿ ಪ್ಲಗ್ಗು ಕಿತ್ತವನು ಅವನೇ,
ಹತ್ತು ಸೇರು ಹಿಟ್ಟನ್ನು ಮೋರಿಗೆ ಚೆಲ್ಲಿದವನೂ.
ಬಹಳ ಹೊತ್ತು ನಿಂತ.
ಪೆನ್ಸಿಲು ಕೇಳಿ ಇಸಕೊಂಡು
ಕೊನೆಯ ಸಾಲಿನ ಮೇಲೆ ಗೀಟು ಎಳೆದ.

ಹಾಗಾಗಿ ನಮ್ಮ ಕ್ಯಾಬಿನೆಟ್ಟು ಕಪ್ಪು ತಗಡು,
ಒಂದು ಮೂಲೆ ಸೊಟ್ಟ, ಅದಕ್ಕೆ ಇನ್ನೂರು ಬಿಟ್ಟರು.
ವಾಪಸ್ ರೈಲಿನಲ್ಲಿ ನಿಲ್ಲಲೂ ಜಾಗವಿಲ್ಲ.
ಮದರ್‌ಬೋರ್ಡು ನನ್ನ ಸೆರಗಿನೊಳಗೆ.
ಕೂಸೆಂದು ತಿಳಿದು ಯಾರೋ ಎದ್ದು ಸೀಟು ಕೊಟ್ಟರು.
ಕೂತೆ.

ಮನೆಯ ಲೈನು ಎರಡನ್ನೂ ತಾಳದು.
ರುಬ್ಬಿ ಮುಗಿದು, ಕಲ್ಲು ತೊಳೆದು,
ಹತ್ತು ಗಂಟೆಯ ಮೇಲೆ ಅವನ ಸರದಿ.
ಮೊದಲ ರಾತ್ರಿ ಬಾಗಿಲ ಬಳಿ ನಿಂತೆ.
ಹಳೇ ಟಿವಿಯ ಮೇಲೆ ಯಾವುದೋ ಊರು ಉರಿಯುತ್ತಿತ್ತು,
ಯಾರೋ ಓಡುತ್ತಿದ್ದರು.
"ಅವ್ವ, ನೋಡು, ನೀರಲ್ಲೂ ಬೆಂಕಿ ಕಾಣ್ತದೆ!"
ನಾನು ಕಣ್ಣು ಮುಚ್ಚಿ ಫ್ಯಾನಿನ ಸದ್ದು ಕೇಳುತ್ತಿದ್ದೆ.
"ಬೇರಿಂಗ್ ಚೆನ್ನಾಗೈತೆ, ಬಿಡು" ಅಂದು
ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಲು ಹೋದೆ.